ಗೀಸರ್ ಸಾಕೆಟ್ ಸುಟ್ಟು ಕಂದಾಗಿದೆ, ನಾನೇ ಬದಲಿಸಬಹುದಾ?

ಹೊಸಮನೆ:
ಎಲ್ಲರಿಗೂ ನಮಸ್ಕಾರ. ಬಚ್ಚಲುಮನೆ ಹೊರಗಿನ ಗೋಡೆಯಲ್ಲಿ ಗೀಸರ್‌ಗೆ ಅಂತಲೇ ಒಂದು 16 ಆಂಪ್ ಸಾಕೆಟ್ ಇದೆ. ಅದೇ ಪ್ಲೇಟಿನಲ್ಲಿ ಗೀಸರ್ ಸ್ವಿಚ್ಚು, ಬಚ್ಚಲ ಲೈಟಿನ ಸ್ವಿಚ್ಚು. ಗೀಸರ್ 2000 ವ್ಯಾಟಿನದು. ಈಚೆಗೆ ಗೀಸರ್ ಹಾಕಿದಾಗಲೆಲ್ಲ ಸಾಕೆಟ್ ಹತ್ತಿರ ಸಣ್ಣಗೆ ಚಿರ್ ಅನ್ನುವ ಸದ್ದು ಬರುತ್ತಿತ್ತು. ಇವತ್ತು ಪ್ಲಗ್ ಮುಟ್ಟಿದರೆ ಕೈ ಇಡಲು ಆಗದಷ್ಟು ಬಿಸಿ. ಕಿತ್ತು ನೋಡಿದರೆ ಬಲಗಡೆ ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿದೆ. ಮೀನಿನ ನಾತದಂಥ ವಾಸನೆ ಬೇರೆ.

ಇಷ್ಟೆಲ್ಲ ಆದರೂ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಒಂದು ಸಲವೂ ಬಿದ್ದಿಲ್ಲ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇದೆ, ಅದೂ ಬಿದ್ದಿಲ್ಲ. ಯಾಕೆ ಅಂತ ಗೊತ್ತಾಗುತ್ತಿಲ್ಲ.

ಸ್ವಿಚ್ಚು, ಹೋಲ್ಡರ್ ಬದಲಿಸಿ ಅಭ್ಯಾಸ ಇದೆ. ಟೆಸ್ಟರ್, ಮಲ್ಟಿಮೀಟರ್ ಎರಡೂ ಇವೆ. ಸಾಕೆಟ್ ನಾನೇ ಬದಲಿಸಬೇಕು ಅಂತಿದ್ದೇನೆ. ಏನೇನು ನೋಡಿಕೊಳ್ಳಬೇಕು ಹೇಳಿ.

ಇಕ್ಕಳ:
ಪ್ಲಗ್ ಕಿತ್ತಿಟ್ಟಿದ್ದು ಒಳ್ಳೆಯದಾಯಿತು. ಸಾಕೆಟ್ ಬದಲಿಸುವವರೆಗೆ ಐದು ನಿಮಿಷಕ್ಕೂ ಮತ್ತೆ ಹಾಕಬೇಡಿ.

ಕೆಲಸ ದೊಡ್ಡದೇನಲ್ಲ. ಕರೆಂಟ್ ತೆಗೆದು ಪ್ಲೇಟ್ ಬಿಚ್ಚಿ. ವೈರ್ ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಮುಂದಿನಿಂದ ನೋಡಿದರೆ ಮೇಲಿನ ದಪ್ಪ ತೂತು ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವುದು), ಬಲಕ್ಕೆ ಫೇಸ್ (ಕರೆಂಟ್ ಬರುವುದು), ಎಡಕ್ಕೆ ನ್ಯೂಟ್ರಲ್ (ವಾಪಸ್ ಹೋಗುವುದು). ಹಿಂದಿನಿಂದ ನೋಡುವಾಗ ಎಡ ಬಲ ಅದಲುಬದಲಾಗುತ್ತದೆ. ಅದಕ್ಕೇ ಕೈ ಲೆಕ್ಕ ಬೇಡ, ಸಾಕೆಟ್ ಬೆನ್ನ ಮೇಲೆ ಎಲ್, ಎನ್, ಇ ಅಂತ ಅಚ್ಚು ಇರುತ್ತದೆ, ಅದನ್ನೇ ನಂಬಿ. ಫೇಸ್ ಮೊದಲು ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಒಂದು ಜಂಪರ್ ವೈರಿನಲ್ಲಿ (ಎರಡು ಸ್ಕ್ರೂ ನಡುವಿನ ಸಣ್ಣ ತುಂಡು ವೈರ್) ಸಾಕೆಟ್ಟಿನ ಎಲ್‌ಗೆ ಬಂದಿರಬೇಕು.

ಸಂಜೆಮಲ್ಲಿಗೆ:
ನನ್ನ ಮಾತು ಬೇರೆ. ಇದು ಮೊಬೈಲ್ ಚಾರ್ಜರ್ ಪಾಯಿಂಟ್ ಅಲ್ಲ, ಗೀಸರ್ ಪಾಯಿಂಟ್. ಇಲ್ಲಿ ಏನಾದರೂ ತಪ್ಪಾದರೆ ಶಾಕ್ ಹೊಡೆಯುವುದು ಬದಲಿಸಿದವರಿಗಲ್ಲ, ಒದ್ದೆ ಮೈಯಲ್ಲಿ ನಲ್ಲಿ ತಿರುಗಿಸುವವರಿಗೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಅವರಿಗೆ. ಎಲೆಕ್ಟ್ರಿಷಿಯನ್ ಕರೆಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೂ ಮೊದಲೇ ಹೇಳಿ.

ತಂತಿಕೆಲಸ:
ನಾನು ವೈರಿಂಗ್ ಕೆಲಸ ಮಾಡಿ ಬದುಕುವವನು. ಸಂಜೆಮಲ್ಲಿಗೆಯವರ ಆತಂಕ ಸರಿಯಾದದ್ದೇ. ಆದರೆ ಕೈಯಲ್ಲಿ ಮೀಟರ್ ಇದ್ದು, ಅವಸರ ಮಾಡದೆ, ಅನುಮಾನ ಬಂದ ಕಡೆ ನಿಲ್ಲಿಸುವವರು ಸಾಕೆಟ್ ಬದಲಿಸಬಹುದು. ‘ಅನುಮಾನ ಬಂದ ಕಡೆ ನಿಲ್ಲಿಸುವುದು’ ಅನ್ನುವುದನ್ನು ಮಾತ್ರ ಮರೆಯಬೇಡಿ.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಕೇಳಿದ್ದೀರಿ. ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದನ್ನು ಮಾತ್ರ. 2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಸ್ಕ್ರೂ ಲೂಸ್ ಆದರೂ ಅಷ್ಟೇ ಎಳೆಯುತ್ತದೆ, ಎಂಸಿಬಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಲೂಸ್ ಆದ ಜಾಗದಲ್ಲಿ ಬರೀ 0.1 ಓಮ್ ರೆಸಿಸ್ಟೆನ್ಸ್ ಹುಟ್ಟಿಕೊಂಡರೂ ಸಾಕು, ಅಲ್ಲೇ ಏಳೂವರೆ ವ್ಯಾಟ್ ಶಾಖ ಆಗುತ್ತದೆ. ಒಂದು ಸ್ಕ್ರೂ ತಲೆಯಷ್ಟು ಜಾಗದಲ್ಲಿ, ಗಾಳಿಯಾಡದ ಡಬ್ಬಿಯೊಳಗೆ ಏಳೂವರೆ ವ್ಯಾಟ್. ಅಲ್ಲಿ ಇಳಿಯುವ ವೋಲ್ಟೇಜ್ ನೋಡಿದರೆ ಒಂದು ವೋಲ್ಟ್ ಕೂಡ ಅಲ್ಲ, ಹಾಗಾಗಿ ಗೀಸರ್‌ಗೂ ವ್ಯತ್ಯಾಸ ಗೊತ್ತಾಗಲ್ಲ. ಬಿಸಿಯಾದಷ್ಟೂ ತಾಮ್ರದ ಮೇಲೆ ಕಪ್ಪು ಪದರ ಕಟ್ಟುತ್ತದೆ, ಪದರ ಕಟ್ಟಿದಷ್ಟೂ ಇನ್ನೂ ಬಿಸಿ. ಆರ್‌ಸಿಸಿಬಿ ನೋಡುವುದು ಹೋದ ಕರೆಂಟ್ ಅಷ್ಟೇ ವಾಪಸ್ ಬಂತಾ ಅಂತ. ಇಲ್ಲಿ ಬಂದಿದೆ, ಹಾಗಾಗಿ ಅದೂ ಬೀಳಲ್ಲ.

ಅಂದರೆ ಈ ತೊಂದರೆ ಹಿಡಿಯುವ ಉಪಕರಣ ನಿಮ್ಮ ಬೋರ್ಡಿನಲ್ಲಿ ಇಲ್ಲ. ಮೂಗು, ಕಿವಿ, ಕೈ ಮೂರೇ. ಆ ವಾಸನೆ, ಆ ಚಿರ್ ಸದ್ದು, ಆ ಬಿಸಿ.

ಸಾಕೆಟ್ ಸುಟ್ಟಿದ್ದು ಯಾಕೆ ಅಂತ ನೋಡದೆ ಹೊಸದು ಹಾಕಿದರೆ ಹೊಸದೂ ಸುಡುತ್ತದೆ. ಬಿಚ್ಚಿದ ಮೇಲೆ ಒಳಗೆ ಏನಿದೆ ಅಂತ ಇಲ್ಲಿ ಬರೆಯಿರಿ.

ಕಲ್ಲುಬಂಡೆ:
ಇಷ್ಟೆಲ್ಲ ಬೇಕಾ? ನಾವಾದರೆ ಪ್ಲಗ್ಗಿನ ಪಿನ್ನಿಗೆ ಉಪ್ಪುಕಾಗದ ಉಜ್ಜಿ, ಸ್ಕ್ರೂ ಬಿಗಿ ಮಾಡಿ ಮತ್ತೆ ಅದೇ ಸಾಕೆಟ್ ಬಳಸುತ್ತೇವೆ. ಚೆನ್ನಾಗಿಯೇ ನಡೆಯುತ್ತದೆ.

ತಂತಿಕೆಲಸ:
ಕೆಲವು ದಿನ ನಡೆಯುತ್ತದೆ, ಒಪ್ಪುತ್ತೇನೆ. ಆದರೆ ಸಾಕೆಟ್ ಒಳಗೆ ಪಿನ್ನನ್ನು ಹಿಡಿಯುವ ಹಿತ್ತಾಳೆ ತುಂಡಿಗೆ ಒಂದು ಸ್ಪ್ರಿಂಗ್ ಬಿಗಿ ಇರುತ್ತದೆ. ಒಮ್ಮೆ ಚೆನ್ನಾಗಿ ಕಾದರೆ ಆ ಬಿಗಿ ಹೋಯಿತು, ಮತ್ತೆ ಬರಲ್ಲ. ಹೊರಗಿನ ಪ್ಲಾಸ್ಟಿಕ್ ಕಂದಾಗಿದೆ ಅಂದರೆ ಒಳಗಿನದು ಅದಕ್ಕಿಂತ ಜಾಸ್ತಿ ಕಾದಿದೆ. ಪ್ಲಗ್ಗೂ ಅಷ್ಟೇ. ಪಿನ್ ಕಪ್ಪಾಗಿದ್ದರೆ ಸಾಕೆಟ್ ಜೊತೆ ಪ್ಲಗ್ಗನ್ನೂ ಬದಲಿಸಿ. ಸುಟ್ಟ ಪ್ಲಗ್ಗನ್ನು ಹೊಸ ಸಾಕೆಟ್ಟಿಗೆ ಚುಚ್ಚಿ ಅದನ್ನೂ ಕೆಡಿಸಿಕೊಂಡ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹೊಸಮನೆ:
ಪ್ಲಗ್ಗಿನ ಒಂದು ಪಿನ್ ಪೂರ್ತಿ ಕಪ್ಪಾಗಿದೆ. ಎರಡನ್ನೂ ಬದಲಿಸುತ್ತೇನೆ. ಗೀಸರ್‌ಗೆ ಬೇರೆಯದೇ ಎಂಸಿಬಿ ಇದೆ, ಅದೊಂದನ್ನು ಆಫ್ ಮಾಡಿದರೆ ಸಾಕಲ್ವಾ? ಮನೆಯಲ್ಲಿ ಯುಪಿಎಸ್ ಕೂಡ ಇದೆ. ಗೀಸರ್ ಅದರ ಮೇಲಿಲ್ಲ.

ಮೀಟರ್‌ಕಣ್ಣು:
ಸಾಕಾಗಲ್ಲ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಗೀಸರ್ ಯುಪಿಎಸ್ ಮೇಲಿಲ್ಲ ಸರಿ, ಅದೇ ಪ್ಲೇಟಿನಲ್ಲಿರುವ ಬಚ್ಚಲ ಲೈಟು? ಕರೆಂಟ್ ಹೋದಾಗ ಅದು ಉರಿಯುತ್ತಾ? ಉರಿದರೆ ಆ ಡಬ್ಬಿಯೊಳಗೆ ಎರಡು ಕಡೆಯಿಂದ ಫೇಸ್ ಬಂದಿದೆ. ಮೇನ್ ಆಫ್ ಮಾಡಿದ ಕೂಡಲೇ ಯುಪಿಎಸ್ ಕರೆಂಟ್ ಹೋಯಿತು ಅಂದುಕೊಂಡು ಬ್ಯಾಟರಿಯಿಂದ ಕೊಡಲು ಶುರುಮಾಡುತ್ತದೆ. ನೀವು ಮೇನ್ ಆಫ್ ಮಾಡಿದ್ದೇನೆ ಅನ್ನುವ ಧೈರ್ಯದಲ್ಲಿ ಕೈ ಹಾಕುತ್ತೀರಿ, ಅಲ್ಲಿ 230 ವೋಲ್ಟ್ ಇರುತ್ತದೆ. ಅದಕ್ಕೇ ಮೊದಲು ಯುಪಿಎಸ್ ಸ್ವಿಚ್ ಆಫ್ ಮಾಡಿ, ಆಮೇಲೆ ಮೇನ್. ಯುಪಿಎಸ್ ಒಂದನ್ನೇ ಆಫ್ ಮಾಡಿದರೂ ಆಗಲ್ಲ, ಮೇನ್ ಇದ್ದರೆ ಕರೆಂಟ್ ಅದರ ಮೂಲಕ ಹಾದು ಬರುತ್ತದೆ. ಎರಡೂ ಆಫ್ ಆಗಿರಬೇಕು. ಬಿಸಿಲಿನಿಂದ ಕರೆಂಟ್ ಮಾಡುವ ಪ್ಯಾನೆಲ್ ಇರುವ ಮನೆಯಲ್ಲಿ ಅದನ್ನೂ ನೋಡಿಕೊಳ್ಳಬೇಕು.

ಇನ್ನೊಂದು ವಿಷಯ. ಗೀಸರ್ ಎಂಸಿಬಿ ಸಾಮಾನ್ಯವಾಗಿ ಫೇಸ್ ಒಂದನ್ನೇ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಅದೊಂದನ್ನೇ ಆಫ್ ಮಾಡಿ ಕೆಲಸ ಮಾಡುವಾಗ ಕಪ್ಪು (ನ್ಯೂಟ್ರಲ್) ವೈರ್ ಹಸಿರಿಗೆ (ಅರ್ಥ್) ತಾಗಿದರೆ ಇಡೀ ಮನೆಯ ಆರ್‌ಸಿಸಿಬಿ ಬೀಳುತ್ತದೆ. ಬೇರೆ ಕೋಣೆಯ ಫ್ಯಾನು, ಫ್ರಿಜ್ಜಿನ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುವ ಬದಲು ಸ್ವಲ್ಪ ಅರ್ಥ್ ಕಡೆ ಹರಿಯುವುದರಿಂದ ಹಾಗಾಗುತ್ತದೆ. ಎಂಸಿಬಿ ಆಫ್ ಇದ್ದರೂ ಯಾಕೆ ಬಿತ್ತು ಅಂತ ಜನ ಗಾಬರಿಯಾಗುವುದು ಇಲ್ಲೇ. ಮೇನ್‌ನಲ್ಲಿ ಫೇಸ್, ನ್ಯೂಟ್ರಲ್ ಎರಡೂ ಕತ್ತರಿಸಿದರೆ ಈ ಗೋಜು ಇಲ್ಲ.

ಆಫ್ ಮಾಡಿದ ಮೇಲೆ ಮೀಟರಿನಲ್ಲಿ ನೋಡಲೇಬೇಕು. ಕ್ರಮ ಹೀಗೆ. ಮೊದಲು, ಕರೆಂಟ್ ಇರುವಾಗಲೇ ಒಂದು ಸಾಕೆಟ್‌ನಲ್ಲಿ ಮೀಟರ್ 230 ತೋರಿಸುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಆಫ್ ಮಾಡಿ, ಕೆಲಸದ ಜಾಗದಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೆ, ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಅಳೆಯಿರಿ. ಲೈಟಿನ ಸ್ವಿಚ್ಚಿನ ಎರಡು ತುದಿಗಳನ್ನೂ ಬಿಡಬೇಡಿ. ಆಮೇಲೆ ಮೀಟರ್ ಇನ್ನೂ ಕೆಲಸ ಮಾಡುತ್ತಿದೆಯಾ ಅಂತ ಮತ್ತೊಮ್ಮೆ ನೋಡಬೇಕು. ಮೇನ್ ಆಫ್ ಇರುವಾಗ ಕರೆಂಟ್ ಸಿಗದಿದ್ದರೆ ಹೊಸ ಬ್ಯಾಟರಿ ಸೆಲ್ ಒಂದನ್ನು ಡಿಸಿ ವೋಲ್ಟಿನಲ್ಲಿ ಅಳೆದು, ಮೀಟರ್ ಮತ್ತು ಅದರ ವೈರುಗಳು ಸರಿ ಇವೆ ಅಂತಾದರೂ ನೋಡಿಕೊಳ್ಳಿ. ಮೀಟರಿನ ಕೆಂಪು ವೈರ್ 10 ಆಂಪ್ ತೂತಿನಲ್ಲಿ ಇರಬಾರದು. ಅದರಲ್ಲಿಟ್ಟುಕೊಂಡು ಕರೆಂಟ್ ಇರುವ ಸಾಕೆಟ್ಟಿಗೆ ಚುಚ್ಚಿದರೆ ನೇರ ಶಾರ್ಟ್, ಮೀಟರ್ ಕೈಯಲ್ಲೇ ಸಿಡಿಯಬಹುದು.

ಕಲ್ಲುಬಂಡೆ:
ಟೆಸ್ಟರ್ ಹಚ್ಚಿ ನೋಡಿದರೆ ಮುಗಿಯಿತಲ್ಲ. ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡರೆ ಇನ್ನೂ ಭದ್ರ.

ಮೀಟರ್‌ಕಣ್ಣು:
ಟೆಸ್ಟರಿನಲ್ಲಿ ದೀಪ ಬೆಳಗುವುದೇ ನಿಮ್ಮ ಮೈ ಮೂಲಕ ನೆಲಕ್ಕೆ ಹೋಗುವ ಅತಿ ಸಣ್ಣ ಕರೆಂಟಿನಿಂದ. ದಪ್ಪ ಚಪ್ಪಲಿ ಹಾಕಿ ಮರದ ಸ್ಟೂಲ್ ಮೇಲೆ ನಿಂತರೆ ಅದು ಮಂಕಾಗುತ್ತದೆ. ಬಿಸಿಲಿನ ಬೆಳಕಿನಲ್ಲಿ ಕಾಣುವುದೇ ಇಲ್ಲ. ಒಳಗಿನ ದೀಪ ಕೆಟ್ಟಿದ್ದರೂ ‘ಕರೆಂಟ್ ಇಲ್ಲ’ ಅನ್ನುತ್ತದೆ. ಅಂದರೆ ನೀವು ಹೇಳಿದ ಚಪ್ಪಲಿಯೇ ನೀವು ನಂಬಿದ ಟೆಸ್ಟರನ್ನು ಕುರುಡು ಮಾಡುತ್ತದೆ. ಟೆಸ್ಟರ್ ಬೆಳಗಿದರೆ ಕರೆಂಟ್ ಇದೆ ಅಂತಲೇ ತಿಳಿದು ದೂರ ಇರಿ. ಬೆಳಗದಿದ್ದರೆ ಇಲ್ಲ ಅಂತ ಮಾತ್ರ ತೀರ್ಮಾನಿಸಬೇಡಿ.

ಇನ್ನು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಚಪ್ಪಲಿ ಏನೂ ಮಾಡಲಾರದು. ಕರೆಂಟ್ ಒಂದು ಕೈಯಿಂದ ಎದೆ ಹಾದು ಇನ್ನೊಂದು ಕೈಗೆ ಹೋಗುತ್ತದೆ, ಕಾಲಿನವರೆಗೆ ಬರುವುದೇ ಇಲ್ಲ. ಆರ್‌ಸಿಸಿಬಿಗೂ ಅದು ಮಾಮೂಲಿ ಲೋಡ್ ಹಾಗೇ ಕಾಣುತ್ತದೆ.

ಹೊಸಮನೆ:
ಬಿಚ್ಚಿದೆ. ಲೈಟಿನ ಸ್ವಿಚ್ಚು ಯುಪಿಎಸ್ ಮೇಲೇ ಇತ್ತು! ಮೇನ್ ಆಫ್ ಮಾಡಿ ಅಳೆದಾಗ ಅಲ್ಲಿ 224 ವೋಲ್ಟ್ ತೋರಿಸಿತು. ಯುಪಿಎಸ್ ಆಫ್ ಮಾಡಿದ ಮೇಲೆ ಸೊನ್ನೆ. ಮೀಟರ್‌ಕಣ್ಣು ಅವರಿಗೆ ದೊಡ್ಡ ಧನ್ಯವಾದ.

ಈಗ ಒಳಗಿನ ಸ್ಥಿತಿ. ಎಲ್ ಸ್ಕ್ರೂ ಬಿಚ್ಚಲು ಹೋದರೆ ಬೆರಳಲ್ಲೇ ತಿರುಗಿತು, ಅಷ್ಟು ಲೂಸ್. ಆ ವೈರಿನ ಎಳೆಗಳಲ್ಲಿ ಅರ್ಧ ಮಾತ್ರ ಸ್ಕ್ರೂ ಕೆಳಗಿದ್ದವು. ಉಳಿದವು ಹೊರಗೆ ಬಾಗಿ ಕಪ್ಪಾಗಿ, ಮುಟ್ಟಿದರೆ ಮುರಿದು ಬಿದ್ದವು. ಎರಡು ಮೂರು ಸೆಂಟಿಮೀಟರ್‌ವರೆಗೆ ವೈರಿನ ಸಿಪ್ಪೆ ಗಟ್ಟಿಯಾಗಿ, ಬಾಗಿಸಿದರೆ ಬಿರುಕು ಬಿಡುತ್ತದೆ.

ಇನ್ನೊಂದು ವಿಚಿತ್ರ. ಇ ಸ್ಕ್ರೂಗೆ ಹಸಿರು ವೈರೇ ಇಲ್ಲ. ಅದರ ಬದಲು ಒಂದು ಸಣ್ಣ ಕಪ್ಪು ತುಂಡು ವೈರ್ ಇ ಇಂದ ಎನ್‌ಗೆ ಹಾಕಿದ್ದಾರೆ. ಹೊಸ ಸಾಕೆಟ್ಟಿಗೂ ಹಾಗೇ ಹಾಕಬೇಕಾ?

ತಂತಿಕೆಲಸ:
ಬೇಡ! ಆ ತುಂಡನ್ನು ಕಿತ್ತು ಬಿಸಾಕಿ. ಇದು ಬಗೆಹರಿಯುವವರೆಗೆ ಆ ಗೀಸರ್ ಹಾಕಬೇಡಿ.

ಇದು ತುಂಬ ಕೆಟ್ಟ ಅಭ್ಯಾಸ. ಗೀಸರಿನ ಲೋಹದ ಮೈಯನ್ನು ನೇರ ನ್ಯೂಟ್ರಲ್‌ಗೆ ಕಟ್ಟಿದ್ದಾರೆ. ನ್ಯೂಟ್ರಲ್ ಸರಿ ಇರುವವರೆಗೆ ಏನೂ ಗೊತ್ತಾಗಲ್ಲ. ಎಲ್ಲೋ ಹಿಂದಿನ ಬೋರ್ಡಿನಲ್ಲಿ ನ್ಯೂಟ್ರಲ್ ಸ್ಕ್ರೂ ಲೂಸ್ ಆಗಿ ವೈರ್ ಬಿಟ್ಟಿತು ಅಂದುಕೊಳ್ಳಿ. ಆಗ ಫೇಸ್ ಗೀಸರಿನ ನೀರು ಕಾಯಿಸುವ ಕಾಯಿಲ್ ಮೂಲಕ ಬಂದು, ಆ ತುಂಡು ವೈರಿನ ಮೂಲಕ ಗೀಸರಿನ ಮೈಗೇ ಹೋಗುತ್ತದೆ. ಗೀಸರ್ ಕೆಟ್ಟಿರಬೇಕಾಗಿಲ್ಲ. ಹೊಸ ಗೀಸರ್ ಆದರೂ ಮೈ ಪೂರ್ತಿ 230 ವೋಲ್ಟ್. ಒಂದು ಲೂಸ್ ಸ್ಕ್ರೂ ಏನು ಮಾಡುತ್ತದೆ ಅಂತ ನಿಮ್ಮ ಎಲ್ ತುದಿಯಲ್ಲೇ ನೋಡಿದ್ದೀರಿ. ಅದೇ ನ್ಯೂಟ್ರಲ್‌ನಲ್ಲಿ ಆಗಿದ್ದರೆ?

ಡಬ್ಬಿಯೊಳಗೆ ಹಸಿರು ವೈರ್ ಇದೆಯಾ ಹುಡುಕಿ. ಮಡಚಿ ಹಿಂದೆ ತುರುಕಿರಬಹುದು.

ಕಲ್ಲುಬಂಡೆ:
ನಮ್ಮ ಮನೆಯಲ್ಲೂ ಒಂದು ಕಡೆ ಹೀಗೇ ಹಾಕಿದ್ದಾರೆ. ಇವತ್ತಿನವರೆಗೆ ಯಾರಿಗೂ ಶಾಕ್ ಹೊಡೆದಿಲ್ಲ. ಆರ್‌ಸಿಸಿಬಿ ಇದ್ದರೆ ಅದು ಕಾಪಾಡುತ್ತದಲ್ವಾ?

ಮೀಟರ್‌ಕಣ್ಣು:
ಈ ಜೋಡಣೆ ಆರ್‌ಸಿಸಿಬಿಯ ಕಣ್ಣನ್ನೇ ಕಟ್ಟುತ್ತದೆ. ಕಾಯಿಲ್ ಹಾಳಾಗಿ ಕರೆಂಟ್ ಮೈಗೆ ಸೋರಲು ಶುರುವಾದರೆ ಅದು ಅರ್ಥ್ ವೈರಿನಲ್ಲಿ ಹೋಗಬೇಕು. ಆಗ ಹೋಗಿದ್ದಕ್ಕಿಂತ ವಾಪಸ್ ಬಂದದ್ದು ಕಡಿಮೆಯಾಗಿ, ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವುದರೊಳಗೆ ಆರ್‌ಸಿಸಿಬಿ ಬೀಳುತ್ತದೆ. ಇಲ್ಲಿ ಸೋರಿದ ಕರೆಂಟ್ ತುಂಡು ವೈರಿನಿಂದ ನ್ಯೂಟ್ರಲ್‌ಗೇ ಸೇರಿ ಆರ್‌ಸಿಸಿಬಿ ಮೂಲಕವೇ ವಾಪಸ್ ಹೋಗುತ್ತದೆ. ಲೆಕ್ಕ ಸರಿಹೋಗುತ್ತದೆ, ಅದು ಸುಮ್ನಿರುತ್ತದೆ. ಕಾಯಿಲ್ ಎಷ್ಟು ಹಾಳಾದರೂ ಯಾರಿಗೂ ತಿಳಿಯಲ್ಲ. ಇವತ್ತಿನವರೆಗೆ ಏನೂ ಆಗದಿರುವುದು ನ್ಯೂಟ್ರಲ್ ಬಿಟ್ಟಿಲ್ಲ ಅನ್ನುವ ಒಂದೇ ಕಾರಣಕ್ಕೆ. ದಯವಿಟ್ಟು ನಿಮ್ಮ ಮನೆಯದನ್ನೂ ತೆಗೆಸಿ.

ಹೊಸಮನೆ:
ಹಸಿರು ವೈರ್ ಸಿಕ್ಕಿತು. ಡಬ್ಬಿಯ ಹಿಂದಿನ ಮೂಲೆಯಲ್ಲಿ ತುದಿಗೆ ಟೇಪ್ ಸುತ್ತಿ ಮಡಚಿಟ್ಟಿದ್ದಾರೆ. ಬೇಕು ಅಂತಲೇ ಬಿಡಿಸಿದ ಹಾಗಿದೆ. ಇದು ನಿಜವಾಗಿ ಅರ್ಥ್‌ಗೆ ಹೋಗಿದೆಯಾ ಅಂತ ನೋಡುವುದು ಹೇಗೆ? ಮೇನ್ ಬೋರ್ಡ್ ಬಿಚ್ಚಬೇಕಾ?

ತಂತಿಕೆಲಸ:
ಮೇನ್ ಬೋರ್ಡ್ ಬಿಚ್ಚಬೇಡಿ. ಮೇನ್ ಆಫ್ ಮಾಡಿದರೂ ಕರೆಂಟ್ ಬಿಲ್ಲಿನ ಮೀಟರ್ ಕಡೆಯಿಂದ ಬರುವ ತುದಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದನ್ನು ನಮ್ಮಂಥವರಿಗೆ ಬಿಡಿ.

ಬೇರೆ ದಾರಿ ಇದೆ. ಮೇನ್, ಯುಪಿಎಸ್ ಎರಡೂ ಆಫ್ ಇರುವಾಗಲೇ ಪಕ್ಕದ ಕೋಣೆಯ ಇನ್ನೊಂದು 16 ಆಂಪ್ ಸಾಕೆಟ್ ಬಿಚ್ಚಿ. ಅಲ್ಲಿ ಇ ಸ್ಕ್ರೂಗೆ ಹಸಿರು ವೈರ್ ಇದೆಯಾ, ತುಂಡು ವೈರ್ ಇಲ್ಲವಾ ನೋಡಿ. ಸರಿ ಇದ್ದರೆ ಆ ಹಸಿರಿನಿಂದ ಈ ಹಸಿರಿಗೆ ಒಂದು ಉದ್ದ ವೈರ್ ಎಳೆದು ಮೀಟರಿನಲ್ಲಿ ಓಮ್ ಅಳೆಯಿರಿ. ಮೀಟರಿನ ಎರಡು ತುದಿ ಒಂದಕ್ಕೊಂದು ಮುಟ್ಟಿಸಿದಾಗ ಎಷ್ಟು ಬರುತ್ತದೋ ಅದನ್ನು ಕಳೆದು ನೋಡಿ. ಒಂದು ಓಮ್‌ಗಿಂತ ಕಡಿಮೆ ಬಂದರೆ ವೈರ್ ತುಂಡಾಗಿಲ್ಲ, ಎರಡೂ ಒಂದೇ ಅರ್ಥ್ ಪಟ್ಟಿಗೆ ಸೇರಿವೆ ಅಂತ ಅರ್ಥ. ನೆಲದಲ್ಲಿ ಹೂತ ಅರ್ಥ್ ಗುಂಡಿ ಚೆನ್ನಾಗಿದೆಯಾ ಅನ್ನುವುದು ಇದರಿಂದ ಗೊತ್ತಾಗಲ್ಲ. ಅದಕ್ಕೆ ಬೇರೆ ಮೀಟರ್ ಬೇಕು, ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಅಳೆಸಿ.

ಹೊಸಮನೆ:
ಪಕ್ಕದ ಕೋಣೆಯದು ಸರಿಯಾಗಿದೆ, ಹಸಿರು ವೈರ್ ಗಟ್ಟಿಯಾಗಿ ಕೂತಿದೆ. ಎರಡರ ನಡುವೆ 0.4 ಓಮ್. ಹಸಿರು ಜೀವಂತ ಇದೆ.

ಈಗ ಹೊಸ ಸಾಕೆಟ್. ಫೇಸ್ ವೈರ್ ಮೇಲೆ 4 ಚದರ ಮಿಲಿಮೀಟರ್ ಅಂತ ಅಚ್ಚಾಗಿದೆ. ಆದರೆ ಸ್ವಿಚ್ಚಿನಿಂದ ಸಾಕೆಟ್ಟಿಗೆ ಬಂದ ಜಂಪರ್ ಮಾತ್ರ ಸಣ್ಣದು, 1 ಚದರ ಮಿಲಿಮೀಟರ್. ಸುಟ್ಟಿದ್ದು ಅದೇ.

ತಂತಿಕೆಲಸ:
ಸಿಕ್ಕಿತಲ್ಲ ಕಾರಣ. ಗೋಡೆಯೊಳಗೆ ದಪ್ಪ ವೈರ್ ಎಳೆದು ಕೊನೆಯ ಹತ್ತು ಸೆಂಟಿಮೀಟರಿಗೆ ಕೈಗೆ ಸಿಕ್ಕ ತುಂಡು ಹಾಕಿದ್ದಾರೆ. ಅದರ ಮೇಲೆ ಸ್ಕ್ರೂ ಲೂಸ್. ಜಂಪರ್ ಕೂಡ 4 ಇಲ್ಲವೇ ಕಡಿಮೆ ಅಂದರೆ 2.5ರದ್ದೇ ಇರಬೇಕು. ಸ್ವಿಚ್ಚಿನ ಕಡೆಯ ಸ್ಕ್ರೂ ನೋಡಿ, ಅಲ್ಲೂ ಕಪ್ಪಾಗಿದ್ದರೆ ಸ್ವಿಚ್ಚನ್ನೂ ಬದಲಿಸಿ. ಅದೂ 16 ಆಂಪ್ ಇಲ್ಲವೇ ಅದಕ್ಕಿಂತ ಮೇಲಿನದಾಗಿರಬೇಕು.

ಈ ಕೆಲಸದಲ್ಲಿ ನಿಜವಾದ ಕೈಚಳಕ ಇರುವುದು ವೈರ್ ತುದಿಯಲ್ಲಿ. ಹೊಳೆಯುವ ತಾಮ್ರ ಸಿಗುವವರೆಗೆ ಸುಟ್ಟ ಭಾಗ ಕತ್ತರಿಸಿ. ಸಿಪ್ಪೆಯನ್ನು ಸುಮಾರು ಒಂದು ಸೆಂಟಿಮೀಟರ್ ತೆಗೆಯಿರಿ. ಹಲ್ಲಲ್ಲಿ, ಬ್ಲೇಡಿನಲ್ಲಿ ಬೇಡ, ಸ್ಟ್ರಿಪ್ಪರ್ ಬಳಸಿ. ಬ್ಲೇಡ್ ತಾಗಿದ ಎಳೆ ಆಮೇಲೆ ಅಲ್ಲೇ ಮುರಿಯುತ್ತದೆ. ಎಳೆಗಳನ್ನು ಬಲಕ್ಕೆ ಬಿಗಿಯಾಗಿ ಹೊಸೆಯಿರಿ. ತೂತು ದೊಡ್ಡದಿದ್ದು ವೈರ್ ಸಣ್ಣ ಅನ್ನಿಸಿದರೆ ತುದಿಯನ್ನು ಒಮ್ಮೆ ಮಡಚಿ. ಒಳಗೆ ತಳ್ಳಿದಾಗ ಒಂದು ಎಳೆಯೂ ಹೊರಗೆ ಇಣುಕಬಾರದು, ಸಿಪ್ಪೆಯೂ ಸ್ಕ್ರೂ ಕೆಳಗೆ ಸಿಕ್ಕಿಕೊಳ್ಳಬಾರದು. ಸಿಪ್ಪೆ ಮೇಲೆ ಕೂತ ಸ್ಕ್ರೂ ಕೈಗೆ ಬಿಗಿಯಾಗಿಯೇ ಇರುತ್ತದೆ, ಆದರೆ ಕೆಳಗೆ ತಾಮ್ರ ಅಲ್ಲಾಡುತ್ತಿರುತ್ತದೆ. ಬಿಗಿ ಮಾಡಿ, ವೈರ್ ಹಿಡಿದು ಎಳೆದು ನೋಡಿ, ಅತ್ತಿತ್ತ ಅಲ್ಲಾಡಿಸಿ, ಮತ್ತೆ ಬಿಗಿ ಮಾಡಿ. ಎಳೆಗಳು ಒತ್ತಿಕೊಂಡು ಕೂತ ಮೇಲೆ ಸ್ಕ್ರೂ ಇನ್ನೂ ಕಾಲು ಸುತ್ತು ಹೋಗುತ್ತದೆ.

ಪ್ಲೇಟ್ ಮುಚ್ಚುವಾಗ ವೈರುಗಳನ್ನು ಅಂಕುಡೊಂಕಾಗಿ ಮಡಚಿ ಹಿಂದಕ್ಕೆ ಕೂರಿಸಿ. ತುರುಕಿದರೆ ಪ್ಲೇಟಿನ ಉದ್ದ ಸ್ಕ್ರೂ ವೈರಿಗೇ ಚುಚ್ಚಬಹುದು. ಡಬ್ಬಿ ಕಬ್ಬಿಣದ್ದಾಗಿದ್ದರೆ ಅದಕ್ಕೂ ಹಸಿರು ಕೊಡಿ.

ಸಂಜೆಮಲ್ಲಿಗೆ:
ನಾನು ಎಲೆಕ್ಟ್ರಾನಿಕ್ಸ್ ಕಲಿತವಳು. ವೈರ್ ತುದಿಗೆ ಬೆಸುಗೆ ಹಾಕಿದರೆ ಎಳೆಗಳು ಬಿಚ್ಚಿಕೊಳ್ಳಲ್ಲ, ಹಾಗೆ ಮಾಡಬಾರದಾ?

ತಂತಿಕೆಲಸ:
ಸ್ಕ್ರೂ ಕೆಳಗೆ ಹೋಗುವ ತುದಿಗೆ ಬೆಸುಗೆ ಬೇಡ. ಬೆಸುಗೆ ಲೋಹ ಮೆದು. ಒತ್ತಡದಲ್ಲಿ ನಿಧಾನಕ್ಕೆ ಹರಿದು ಜಾಗ ಬಿಡುತ್ತದೆ, ಬಿಸಿ ಇದ್ದರೆ ಇನ್ನೂ ಬೇಗ. ಕೆಲವು ತಿಂಗಳಲ್ಲಿ ಸ್ಕ್ರೂ ಲೂಸ್. ಎಳೆ ಒಟ್ಟಿಗೆ ಇರಬೇಕು ಅಂದರೆ ತಾಮ್ರದ ಟೋಪಿ ಬರುತ್ತದೆ, ಫೆರೂಲ್ ಅಂತಾರೆ, ಅದನ್ನು ಒತ್ತಿ ಹಾಕಬಹುದು.

ಇಕ್ಕಳ:
ಪ್ಲಗ್ ಹಾಕುವಾಗ ಬಣ್ಣದ ಬಗ್ಗೆ ಎಚ್ಚರ. ಹಳೇ ಪದ್ಧತಿಯ ಮನೆ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಗೀಸರಿನ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆ ಅರ್ಥ್. ಮೂರು ಫೇಸ್ ಇರುವ ಹಳೇ ಮನೆಯಲ್ಲಿ ಗೋಡೆಯೊಳಗಿನ ನೀಲಿ ವೈರ್ ಒಂದು ಫೇಸ್ ಆಗಿರುತ್ತದೆ! ಕೆಂಪು, ಹಳದಿ, ನೀಲಿ ಮೂರೂ ಫೇಸ್. ಬಣ್ಣ ಸುಳಿವು ಅಷ್ಟೇ, ಕೊನೆಗೆ ಮೀಟರ್ ಹೇಳಿದ್ದೇ ನಿಜ.

ಪ್ಲಗ್ಗಿನೊಳಗೆ ಅರ್ಥ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ಯಾರಾದರೂ ವೈರ್ ಜಗ್ಗಿದರೆ ಅರ್ಥ್ ಕೊನೆಗೆ ಬಿಡಬೇಕು. ಅರ್ಥ್ ಪಿನ್ ಉದ್ದ ಇರುವುದೂ ಇದೇ ಲೆಕ್ಕಕ್ಕೆ, ಮೊದಲು ಸೇರಿ ಕೊನೆಗೆ ಬಿಡಲಿ ಅಂತ.

ಹೊಸಮನೆ:
ಎಲ್ಲ ಹಾಕಿದೆ. ಹೊಸ ಸಾಕೆಟ್, ಹೊಸ ಸ್ವಿಚ್, ದಪ್ಪ ಜಂಪರ್, ಹೊಸ ಪ್ಲಗ್, ಹಸಿರು ವೈರ್ ಇ ಜಾಗಕ್ಕೆ. ಮೇನ್ ಹಾಕಿದೆ, ಏನೂ ಬೀಳಲಿಲ್ಲ. ಖಾಲಿ ಸಾಕೆಟ್ಟಿನಲ್ಲಿ ಫೇಸ್ ನ್ಯೂಟ್ರಲ್ 232, ಫೇಸ್ ಅರ್ಥ್ 231, ನ್ಯೂಟ್ರಲ್ ಅರ್ಥ್ ಒಂದು ವೋಲ್ಟಿಗಿಂತ ಕಡಿಮೆ.

ಆದರೆ ಗೀಸರ್ ಚುಚ್ಚಿ ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ ಬಿತ್ತು. ಮತ್ತೆ ಹಾಕಿದರೂ ಬಿತ್ತು. ವೈರ್ ಏನಾದರೂ ಅದಲುಬದಲಾಗಿದೆಯಾ?

ಮೀಟರ್‌ಕಣ್ಣು:
ನಿಮ್ಮ ಜೋಡಣೆ ಸರಿ ಇದೆ ಅಂತ ಆ ಮೂರು ಅಂಕಿಗಳೇ ಹೇಳುತ್ತಿವೆ. ಅದೇ ಸಾಕೆಟ್ಟಿಗೆ ಮೂರು ಪಿನ್ನಿನ ಇಸ್ತ್ರಿ ಪೆಟ್ಟಿಗೆ ಏನಾದರೂ ಹಾಕಿ ನೋಡಿ. ಬೀಳದಿದ್ದರೆ ತೊಂದರೆ ಗೀಸರಿನದು.

ಗೀಸರ್ ಪ್ಲಗ್ ಕಿತ್ತು, ಗೀಸರಿನ ಥರ್ಮೋಸ್ಟಾಟ್ ಆನ್ ಇಟ್ಟು, ಪ್ಲಗ್ಗಿನ ಫೇಸ್ ಪಿನ್ನಿನಿಂದ ಅರ್ಥ್ ಪಿನ್ನಿಗೆ ಓಮ್ ಅಳೆಯಿರಿ.

ಹೊಸಮನೆ:
ಇಸ್ತ್ರಿ ಪೆಟ್ಟಿಗೆಗೆ ಬೀಳಲಿಲ್ಲ. ಗೀಸರ್ ಪ್ಲಗ್ಗಿನಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೆ 26 ಓಮ್. ಫೇಸ್‌ನಿಂದ ಅರ್ಥ್‌ಗೆ ಸುಮಾರು 4000 ಓಮ್.

ಮೀಟರ್‌ಕಣ್ಣು:
26 ಸರಿ, 2000 ವ್ಯಾಟ್ ಕಾಯಿಲ್‌ಗೆ ಅಷ್ಟೇ ಬರಬೇಕು. ಆದರೆ ಫೇಸ್‌ನಿಂದ ಅರ್ಥ್‌ಗೆ ಏನೂ ಬರಬಾರದಿತ್ತು, ಮೀಟರ್ ಪೂರ್ತಿ ತೆರೆದಿದೆ ಅಂತ ತೋರಿಸಬೇಕಿತ್ತು. 4000 ಓಮ್ ಅಂದರೆ 230 ವೋಲ್ಟಿನಲ್ಲಿ 57 ಮಿಲಿಆಂಪ್ ಸೋರಿಕೆ. ಕಾಯಿಲಿನ ಹೊರಕವಚ ತೂತಾಗಿ ನೀರು ಒಳಗೆ ಹೋಗಿದೆ.

ಹಸಿರು ವೈರ್ ಬಿಡಿಸಿ ತುಂಡು ಹಾಕಿದ್ದು ಯಾಕೆ ಅಂತ ಈಗ ಊಹಿಸಬಹುದು. ಗೀಸರ್ ಹಾಕಿದರೆ ಆರ್‌ಸಿಸಿಬಿ ಬೀಳುತ್ತಿತ್ತು. ಹಸಿರು ಬಿಡಿಸಿದರೆ ಬೀಳುವುದು ನಿಂತಿತು, ಆದರೆ ಗೀಸರಿನ ಮೈ ಜುಮ್ ಅಂದಿರುತ್ತದೆ. ನ್ಯೂಟ್ರಲ್‌ಗೆ ಕಟ್ಟಿದರೆ ಜುಮ್ ಅನ್ನುವುದೂ ನಿಂತಿತು. ಕಾಯಿಲ್ ಮಾತ್ರ ಹಾಗೇ ಉಳಿಯಿತು, ಅದರ ಕೆಳಗೆ ನೀವೆಲ್ಲ ಸ್ನಾನ ಮಾಡುತ್ತಿದ್ದಿರಿ.

ಸಂಜೆಮಲ್ಲಿಗೆ:
ಓದಿ ಮೈ ನಡುಗಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಗೆ ಬಂದವರು ‘ಸರಿಯಾಯಿತು’ ಅಂದಾಗ ಏನು ಮಾಡಿದಿರಿ ಅಂತ ಕೇಳಿ. ಬೀಳುವುದು ನಿಂತಿತು ಅನ್ನುವುದು ಉತ್ತರ ಅಲ್ಲ. ಯಾಕೆ ಬೀಳುತ್ತಿತ್ತು ಅನ್ನುವುದಕ್ಕೆ ಉತ್ತರ ಬೇಕು.

ಹೊಸಮನೆ:
ಗೀಸರ್ ರಿಪೇರಿಯವರು ಬಂದು ಕಾಯಿಲ್ ಬದಲಿಸಿದರು. ಹಳೇದರ ಬಾಗಿದ ತುದಿಯಲ್ಲಿ ಸುಣ್ಣದ ಪದರ ಕೆರೆದರೆ ಕವಚ ಸೀಳಿದ್ದು ಕಣ್ಣಿಗೇ ಕಾಣುತ್ತಿತ್ತು. ಈಗ ಫೇಸ್‌ನಿಂದ ಅರ್ಥ್‌ಗೆ ಮೀಟರಿನಲ್ಲಿ ಏನೂ ಬರುತ್ತಿಲ್ಲ. ಅವರು 500 ವೋಲ್ಟಿನ ಮೆಗ್ಗರ್ (ಸೋರಿಕೆ ಇದೆಯಾ ನೋಡುವ ಮೀಟರ್) ಹಚ್ಚಿ ಕೂಡ ನೋಡಿದರು, ಚೆನ್ನಾಗಿದೆ ಅಂದರು. ಗೀಸರಿನ ಮೈಯಿಂದ ಪ್ಲಗ್ಗಿನ ಅರ್ಥ್ ಪಿನ್ನಿಗೆ 0.2 ಓಮ್.

ಗೀಸರ್ ಅರ್ಧ ಗಂಟೆ ಓಡಿಸಿ, ಆಫ್ ಮಾಡಿ ಪ್ಲಗ್ ಮುಟ್ಟಿದೆ. ತುಸು ಬೆಚ್ಚಗಿದೆ ಅಷ್ಟೇ. ಸದ್ದಿಲ್ಲ, ವಾಸನೆ ಇಲ್ಲ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ, ತಕ್ಷಣ ಬಿತ್ತು.

ತಂತಿಕೆಲಸ:
ಚೆನ್ನಾಗಿ ಮಾಡಿದ್ದೀರಿ. ಒಂದು ತಿಂಗಳಾದ ಮೇಲೆ ಮೇನ್ ಆಫ್ ಮಾಡಿ ಆ ಸ್ಕ್ರೂಗಳನ್ನು ಇನ್ನೊಮ್ಮೆ ನೋಡಿ. ಯುಪಿಎಸ್ ಮರೆಯಬೇಡಿ.

ಹಸಿರುಗರಿ:
ಇದೇ ಚರ್ಚೆಯಲ್ಲಿ ಕೇಳುತ್ತಿದ್ದೇನೆ. ನಮ್ಮ ಕೋಣೆಯ ಸಾಕೆಟ್‌ನಲ್ಲಿ ಟೆಸ್ಟರ್ ಎರಡೂ ತೂತಿನಲ್ಲಿ ಬೆಳಗುತ್ತದೆ, ಆದರೆ ಏನು ಹಾಕಿದರೂ ನಡೆಯಲ್ಲ. ಆ ಕೋಣೆಯ ಫ್ಯಾನು, ಲೈಟೂ ಇಲ್ಲ. ಎರಡು ಫೇಸ್ ಬಂದುಬಿಟ್ಟಿದೆಯಾ? ಸಾಕೆಟ್ ಬದಲಿಸಬೇಕಾ?

ಮೀಟರ್‌ಕಣ್ಣು:
ಸಾಕೆಟ್ ಬದಲಿಸಿ ಪ್ರಯೋಜನ ಇಲ್ಲ. ಹಿಂದೆ ಎಲ್ಲೋ ನ್ಯೂಟ್ರಲ್ ಬಿಟ್ಟಿದೆ. ಫ್ಯಾನು, ಲೈಟಿನ ಸ್ವಿಚ್ಚು ಆನ್ ಇರುವುದರಿಂದ ಫೇಸ್ ಅವುಗಳ ಮೂಲಕ ಹಾದು ನ್ಯೂಟ್ರಲ್ ವೈರಿಗೆ ಬಂದು ನಿಂತಿದೆ, ಮುಂದೆ ಹೋಗಲು ದಾರಿ ಇಲ್ಲ. ಆ ಕೋಣೆಯ ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಮತ್ತೆ ಟೆಸ್ಟರ್ ಹಚ್ಚಿ. ಎಡ ತೂತಿನ ಬೆಳಕು ಹೋದರೆ ಇದೇ. ಅಲ್ಲಿಯವರೆಗೆ ಕಪ್ಪು ವೈರ್ ಅಂತ ಧೈರ್ಯವಾಗಿ ಮುಟ್ಟಬೇಡಿ, ಅದರಲ್ಲೂ ಪೂರ್ತಿ ವೋಲ್ಟೇಜ್ ಇರಬಹುದು.

ಒಂದು ಕೋಣೆ ಮಾತ್ರ ಹೀಗಾ ನೋಡಿ. ಮೂರು ಫೇಸ್ ಮನೆಯಲ್ಲಿ ಒಂದು ಕಡೆ ಲೈಟ್ ಮಂಕಾಗಿ ಇನ್ನೊಂದು ಕಡೆ ತುಂಬ ಜೋರಾಗಿ ಉರಿಯುತ್ತಿದ್ದರೆ ಮೇನ್ ನ್ಯೂಟ್ರಲ್ ಹೋಗಿದೆ ಅಂತ ಅರ್ಥ. ಆಗ 230 ಇರುವಲ್ಲಿ 400ರ ಹತ್ತಿರ ಬರಬಹುದು. ತಕ್ಷಣ ಮೇನ್ ಆಫ್ ಮಾಡಿ ವಿದ್ಯುತ್ ಕಚೇರಿಗೆ ಹೇಳಬೇಕು.

ಹಸಿರುಗರಿ:
ಒಂದೇ ಕೋಣೆ. ಎಲ್ಲ ಸ್ವಿಚ್ ಆಫ್ ಮಾಡಿದಾಗ ಎಡ ತೂತಿನ ಬೆಳಕು ಹೋಯಿತು. ಮೇನ್ ಆಫ್ ಮಾಡಿ ಹಿಂದಿನ ಬೋರ್ಡ್ ಬಿಚ್ಚಿದರೆ, ಒಂದೇ ಸ್ಕ್ರೂ ಕೆಳಗೆ ಎರಡು ಕಪ್ಪು ವೈರ್ ಇಟ್ಟಿದ್ದಾರೆ, ಅದರಲ್ಲಿ ಒಂದು ಕೈಗೇ ಬಂತು. ಯುಪಿಎಸ್ ನಮ್ಮಲ್ಲಿಲ್ಲ.

ತಂತಿಕೆಲಸ:
ಎರಡರ ತುದಿಯನ್ನೂ ಹೊಸದಾಗಿ ಕತ್ತರಿಸಿ, ಸಿಪ್ಪೆ ತೆಗೆದು, ಇಕ್ಕಳದಲ್ಲಿ ಒಟ್ಟಿಗೆ ಹೊಸೆದು, ಒಂದೇ ವೈರ್ ಹಾಗೆ ಸ್ಕ್ರೂ ಕೆಳಗೆ ಕೊಡಿ. ಬಿಗಿ ಮಾಡಿದ ಮೇಲೆ ಒಂದೊಂದನ್ನೂ ಬೇರೆ ಬೇರೆ ಎಳೆದು ನೋಡಿ. ಎರಡೂ ತೂತಿಗೆ ಹಿಡಿಸದಿದ್ದರೆ ತುರುಕಬೇಡಿ, ಕನೆಕ್ಟರ್‌ನಲ್ಲಿ ಸೇರಿಸಿ ಅಲ್ಲಿಂದ ಒಂದು ವೈರ್ ಮಾತ್ರ ಸ್ಕ್ರೂಗೆ ತನ್ನಿ.